ರೆಕ್ಕೆಯ ಮೊಗ್ಗು

ಹೈದರಾಬಾದಿನ ತಾರ್ನಾಕದ ಆ ಮನೆಯಲ್ಲಿ ಮೊಟ್ಟೆ ಎಂದೂ ಹೊಸ್ತಿಲು ದಾಟಿದ್ದಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ತರುವಾಗಲೂ ಗೋದಾಬಾಯಿ ಬೇಕರಿಯವನನ್ನು ಎರಡೆರಡು ಸಲ ವಿಚಾರಿಸಿ, ಆಮೇಲೂ ತಾವು ಮಾತ್ರ ತಿನ್ನದೆ ಉಳಿಯುತ್ತಿದ್ದರು. ಅಂಥ ಮನೆಯ ಮಗ ನಚಿಕೇತ ಬೆಳಗಿನಿಂದ ಸಂಜೆಯವರೆಗೆ ಕೋಳಿಮೊಟ್ಟೆಗಳ ನಡುವೆಯೇ ಇರುತ್ತಿದ್ದ.

ಅವರ ಮನೆತನ ಬೀದರ ಕಡೆಯದು. ಅಜ್ಜ ನಿಜಾಮರ ಕಾಲದಲ್ಲಿ ನೌಕರಿಗೆಂದು ಹೈದರಾಬಾದಿಗೆ ಬಂದವರು, ಇಲ್ಲೇ ನಿಂತರು. ತಂದೆ ಹನುಮಂತರಾಯರು ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿದ್ದು, ನಚಿಕೇತ ಎಂಎಸ್ಸಿ ಓದುವಾಗ ತೀರಿಕೊಂಡರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವನ ಜೊತೆ ಹಿಂದಿ. ಗೋದಾಬಾಯಿ ಮಡಿಯ ಹೆಂಗಸು. ಏಕಾದಶಿಗೆ ನೀರು ಕೂಡ ಲೆಕ್ಕಹಾಕಿ ಕುಡಿಯುವವರು.

ಎರಡು ಸಾವಿರದ ಮೂರರ ಸುಮಾರಿನ ಮಾತು. ಊರಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಮಾದಾಪುರ. ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ನಚಿಕೇತನ ಓರಗೆಯವರೆಲ್ಲ ಅಮೀರಪೇಟೆಯಲ್ಲಿ ಕಂಪ್ಯೂಟರ್ ಕೋರ್ಸು ಮಾಡಿ ಕೆಲಸಕ್ಕೆ ಸೇರಿಬಿಟ್ಟಿದ್ದರು. ಅವನ ಅಕ್ಕ ಭಕ್ತಿಯ ಗಂಡ ಕಾಶಿನಾಥನೂ ಮಾದಾಪುರದ ಒಂದು ಕಂಪನಿಯಲ್ಲಿದ್ದ. ಹಬ್ಬಕ್ಕೆ ಬಂದಾಗಲೆಲ್ಲ, "ನಚೀ, ಇನ್ನೂ ಎಷ್ಟು ವರ್ಷ ಸ್ಕಾಲರ್‌ಶಿಪ್ಪಿನ ಮ್ಯಾಲೆ ಇರ್ತೀ? ಬಾ, ನಮ್ಮಲ್ಲಿ ಹಾಕ್ತೀನಿ," ಎನ್ನುತ್ತಿದ್ದ. ನಚಿಕೇತ ನಕ್ಕು ಸುಮ್ಮನಾಗುತ್ತಿದ್ದ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಪ್ರಯೋಗಾಲಯವನ್ನು ಬಿಟ್ಟು ಬರುವ ಮನಸ್ಸು ಅವನಿಗೆ ಕನಸಿನಲ್ಲೂ ಬಂದಿರಲಿಲ್ಲ.

ಅವನ ಕೆಲಸ ಮರಿಗೆ ರೆಕ್ಕೆ ಹೇಗೆ ಬರುತ್ತದೆ ಎಂದು ನೋಡುವುದು. ಕಾವಿನ ಪೆಟ್ಟಿಗೆಯಲ್ಲಿ ಮೂರು ದಿನ ಇಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು ನೋಡಿದರೆ, ಬಾಗಿದ ಭ್ರೂಣದ ಪಕ್ಕೆಯಲ್ಲಿ ಸಾಸಿವೆಗಿಂತ ಸಣ್ಣ ಉಬ್ಬು ಕಾಣುತ್ತದೆ. ಅದೇ ರೆಕ್ಕೆಯ ಮೊಗ್ಗು. ಮನುಷ್ಯರ ಕೂಸಿನ ಕೈಯೂ ಬಸಿರಿನಲ್ಲಿ ಹೀಗೆಯೇ ಒಂದು ಮೊಗ್ಗಾಗಿ ಶುರುವಾಗುತ್ತದೆ.

ಒಂದು ಸಲ ಭಕ್ತಿ ಅವನಿಗೆ ಪ್ರಯೋಗಾಲಯಕ್ಕೆ ಊಟದ ಡಬ್ಬಿ ತಂದಾಗ ಅವನು ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದ. ಅಕ್ಕ ತಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನೆತ್ತರಿನ ಎಳೆಗಳ ಮಧ್ಯೆ ಚುಕ್ಕೆಯಂಥ ಹೃದಯ ಮಿಡಿಯುವುದನ್ನು ನೋಡಿ ಅವಳು ಉಸಿರು ಬಿಗಿಹಿಡಿದಳು.

"ಇಷ್ಟ ಇಷ್ಟು ಅದ, ಆಗಲೇ ಹೊಡ್ಕೊಳ್ಳಿಕ್ಕತ್ತದಲ್ಲೋ!"

"ಇಲ್ಲಿ ನೋಡಕ್ಕ. ಈ ಮೊಗ್ಗಿನ ತುದಿಗೆ ಒಂದು ಏಣು, ಉಬ್ಬಿದ ಅಂಚು, ಕಾಣತದಲ್ಲಾ, ಅದರಿಂದ ಒಂದು ಪ್ರೋಟೀನು ಇಳೀತದ. ಕೆಳಗಿನ ಕೋಶಗಳಿಗೆ, 'ಬೆಳೀರಿ, ಇನ್ನೂ ಬೆಳೀರಿ' ಅಂತ ಹೇಳತದ. ಹೇಳಿದ ಕೂಡಲೆ ಅವುಗಳೊಳಗಿನ ಜೀನುಗಳು ಒಂದೊಂದ ಎಚ್ಚರಾಗ್ತಾವ. ಆ ಕೋಶಗಳು ತಿರುಗಿ ಮ್ಯಾಲಿನ ಆ ಅಂಚಿಗೆ ಇನ್ನೊಂದು ಪ್ರೋಟೀನು ಕಳಸ್ತಾವ, 'ನಾವಿದ್ದೀವಿ, ನೀನೂ ಇರು' ಅಂತ."

"ಎರಡೂ ಮಾತಾಡ್ತಾವ ಅನ್ನು."

"ಹೂಂ. ಮಾತು ನಿಂತರ ರೆಕ್ಕಿ ಅಲ್ಲಿಗೇ ನಿಂತತು."

ಮನೆಗೆ ಹೋಗಿ ಭಕ್ತಿ ಈ ಬೆರಗನ್ನೆಲ್ಲ ತಾಯಿಗೆ ಹೇಳಿಬಿಟ್ಟಳು. ಮಗ ಮೊಟ್ಟೆ ಮುಟ್ಟುತ್ತಾನೆಂದು ಗೋದಾಬಾಯಿಗೆ ತಿಳಿದದ್ದು ಹಾಗೆ. ಎರಡು ದಿನ ಮಾತು ಬಿಟ್ಟರು. ಆಮೇಲೆ, ಓದು ಓದೇ ತಾನೆ ಎಂದು ತಾವೇ ಸಮಾಧಾನ ಮಾಡಿಕೊಂಡು, ಅವನು ಬಂದ ತಕ್ಷಣ ಹಿತ್ತಲ ನಲ್ಲಿಯಲ್ಲಿ ತಲೆಗೆ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕೆಂದು ಕಟ್ಟು ಮಾಡಿದರು. ಅವನು ಒಪ್ಪಿದ. ನೋಡುವುದಷ್ಟೇ ತನ್ನ ಕೆಲಸವಲ್ಲ ಎಂಬುದನ್ನು ಮಾತ್ರ ತಾಯಿಯ ಮುಂದೆ ಬಾಯಿಬಿಡಲಿಲ್ಲ. ನೂಲಿನಷ್ಟು ಸಪೂರ ಸೂಜಿಯಿಂದ ಅವನು ಆ ಏಣನ್ನು ಬಿಡಿಸಿ ತೆಗೆಯುತ್ತಿದ್ದ. ಅದರ ಜಾಗದಲ್ಲಿ ಪ್ರೋಟೀನು ಹೀರಿಕೊಂಡ ಒಂದು ಅತಿಸಣ್ಣ ಮಣಿಯನ್ನಿಟ್ಟು, ಯಾವ ಜೀನು ಮತ್ತೆ ಎಚ್ಚರಾಗುತ್ತದೆ ಎಂದು ಬಣ್ಣ ಹಾಕಿ ನೋಡುತ್ತಿದ್ದ. ಎಚ್ಚರಾದ ಕಡೆ ನೇರಳೆ ಬಣ್ಣ ಏರುತ್ತಿತ್ತು. ಮಣಿ ಇಡದ ಮರಿಗಳ ರೆಕ್ಕೆ ಮೊಂಡಾಗಿ ನಿಲ್ಲುತ್ತಿತ್ತು.

ಮರುವರ್ಷ ಭಕ್ತಿ ಬಾಣಂತನಕ್ಕೆ ತವರಿಗೆ ಬಂದಳು. ಹೆರಿಗೆ ಸುಸೂತ್ರವಾಗಿ ಆಯಿತು. ಆದರೆ ದಾದಿ ಕೂಸನ್ನು ಹೊರಗೆ ತಂದಾಗ ಯಾರ ಮುಖವನ್ನೂ ನೋಡಲಿಲ್ಲ. ಹೆಣ್ಣು ಕೂಸು. ಎಡ ಮುಂಗೈ ಗಿಡ್ಡಾಗಿ ಒಳಕ್ಕೆ ಬಾಗಿತ್ತು. ಆ ಕೈಗೆ ಹೆಬ್ಬೆರಳಿರಲಿಲ್ಲ. ಬಲಗೈಯ ಹೆಬ್ಬೆರಳು ದಾರದಂತೆ ಜೋತಿತ್ತು.

ಕಾಶಿನಾಥ ಗೋಡೆಗೆ ಒರಗಿ ನಿಂತ. ಗೋದಾಬಾಯಿ "ಗುರುರಾಯರೇ" ಎಂದು ಅಲ್ಲೇ ಕುಳಿತರು. ನಚಿಕೇತ ಆ ಕೈಯನ್ನು ನೋಡಿದ. ನೋಡಿದೊಡನೆ ಅವನಿಗೆ ಬೇರೊಂದು ಭಯ ಹುಟ್ಟಿತು. ರೆಕ್ಕೆಯ ಮೊಗ್ಗು ಮೂಡುವ ಮೊದಲೇ ಒಂದು ಜೀನು ಎಚ್ಚರಾಗಿ, ಬೆಳವಣಿಗೆಯ ಮೊದಲ ಮಾತನ್ನು ಹೊರಡಿಸುತ್ತದೆ. ಅದೇ ಜೀನು ಹೃದಯದ ಗೋಡೆಗಳನ್ನೂ ಕಟ್ಟುತ್ತದೆ. ಅದು ಸೊರಗಿದರೆ ಕೆಡುವುದು ಕೈ ಒಂದೇ ಅಲ್ಲ. ಅವನು ಮಕ್ಕಳ ಡಾಕ್ಟರನ್ನು ಪಕ್ಕಕ್ಕೆ ಕರೆದು, ಎದೆಯ ಸ್ಕ್ಯಾನ್ ಮಾಡಿಸಲೇಬೇಕೆಂದು ಹಟ ಹಿಡಿದ. ಮಾಡಿಸಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತು ಇತ್ತು.

ಕೂಸನ್ನು ಮನೆಗೆ ತಂದರು. ಭಕ್ತಿ ಅದಕ್ಕೆ ನೀಲಾ ಎಂದು ಹೆಸರಿಟ್ಟಳು. ಹಾಲು ಕುಡಿಯುವಾಗ ಕೂಸಿನ ಹಣೆ ಬೆವರುತ್ತಿತ್ತು. ನಾಲ್ಕು ಗುಟುಕಿಗೇ ದಣಿದು ಬಿಡುತ್ತಿತ್ತು. ಒಂದು ಮಧ್ಯಾಹ್ನ ಗೋದಾಬಾಯಿ ತೊಟ್ಟಿಲ ಬಳಿ ಕುಳಿತು ಮಗನನ್ನು ಕರೆದರು.

"ನಚೀ, ಡಾಕ್ಟರಿಗೂ ತಿಳೀಲಾರದ್ದು ನಿನಗ ಹೆಂಗ ತಿಳೀತೋ? ಕೈ ನೋಡಿ ಎದಿಯೊಳಗಿನ ತೂತು ಹೆಂಗ ಗೊತ್ತಾತು?"

"ನಾ ಓದೂದ ಅದನ್ನಮ್ಮ. ಕೈ ಶುರು ಮಾಡೋದು, ಎದಿ ಕಟ್ಟೋದು, ಎರಡಕ್ಕೂ ಒಂದ ಜೀನು."

"ಅದು ಕೆಟ್ಟರ ಕೈ ಬೆಳಿಯೂದಿಲ್ಲ ಅಂತ ಹೆಂಗ ತಿಳೀತದ? ಬರೇ ನೋಡಿದರ ತಿಳೀತದೇನು?"

ಅವನು ತಡವರಿಸಿದ. ಸುಳ್ಳು ಹೇಳುವುದು ಅವನಿಗೆ ಆಗ ಬರುತ್ತಿರಲಿಲ್ಲ. "ಮರಿ ಇನ್ನೂ ಮೊಟ್ಟಿಯೊಳಗ ಇರ್ತದ. ರೆಕ್ಕಿ ತುದಿ... ಅದನ್ನ ತಗದು ನೋಡ್ತೀವಿ."

"ತಗದು?"

"ಹೂಂ."

"ತಗದರ ಏನಾಗ್ತದ?"

"ರೆಕ್ಕಿ ಪೂರಾ ಬೆಳಿಯೂದಿಲ್ಲ."

ಗೋದಾಬಾಯಿ ತೊಟ್ಟಿಲೊಳಗಿನ ಗಿಡ್ಡ ಕೈಯನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು. ದನಿ ಏರಲಿಲ್ಲ.

"ಎಷ್ಟು ಜೀವದ ರೆಕ್ಕಿ ಕೊಯ್ದೀಯೋ ಪಾಪಿ? ಅದ ಬಂದು ನಿಮ್ಮಕ್ಕನ ಹೊಟ್ಟ್ಯಾಗ ಕೂತದ."

"ಅಮ್ಮ, ಹಂಗ ಇರೂದಿಲ್ಲ."

"ಮುಟ್ಟಬ್ಯಾಡ. ಇನ್ನ ಮ್ಯಾಲೆ ಈ ಕೂಸನ್ನ ನೀ ಮುಟ್ಟಬ್ಯಾಡ."

ಒಳಗಿನ ಕೋಣೆಯಲ್ಲಿದ್ದ ಭಕ್ತಿ ಎಲ್ಲವನ್ನೂ ಕೇಳಿಸಿಕೊಂಡಳು. ಆದರೆ ತಾಯಿ ರಾಯರ ಮಠಕ್ಕೆ ಹೋದ ಹೊತ್ತು ನೋಡಿ, ಕೂಸನ್ನು ತಂದು ತಮ್ಮನ ತೊಡೆಯ ಮೇಲೆ ಮಲಗಿಸುತ್ತಿದ್ದಳು. ನೀಲಾ ನಾಲ್ಕು ಬೆರಳಿನ ಆ ಎಡಗೈಯಿಂದಲೇ ಅವನ ಅಂಗಿಯ ಗುಂಡಿ ಹಿಡಿಯಲು ನೋಡುತ್ತಿತ್ತು. ಹಿಡಿತ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಒಂದು ದಿನ ಭಕ್ತಿ ಕೇಳಿದಳು:

"ನೀ ಮಣಿ ಇಡ್ತೀನಿ ಅಂತ ನನಗ ಹೇಳಿದ್ದಿ ಅಲ್ಲಾ, ಮರಿಗೆ. ಅದನ್ನ ಇಟ್ಟರ ಮತ್ತ ಬೆಳೀತದಂತ."

"ಅದು ಶುರುವಿನಾಗ ಅಷ್ಟ ಅಕ್ಕ. ಮೊಗ್ಗು ಇದ್ದಾಗ."

"ಇಕಿ ಮೊಗ್ಗಾಗಿದ್ದಾಗ ಇಕಿ ಬಂದಾಳಂತನ ನನಗ ಇನ್ನೂ ಗೊತ್ತಿರಲಿಲ್ಲ," ಎಂದಳು ಭಕ್ತಿ.

ತಾಯಿ ಹೇಳಿದ್ದು ನಿಜವಲ್ಲವೆಂದು ನಚಿಕೇತನಿಗೆ ಗೊತ್ತಿತ್ತು. ಗೊತ್ತಿದ್ದರೂ ಮೊಟ್ಟೆಯ ಕಿಟಕಿಯ ಮೇಲೆ ಸೂಜಿ ಹಿಡಿದಾಗ ಅವನಿಗೆ ತೊಟ್ಟಿಲೊಳಗಿನ ಆ ಕೈ ಕಾಣುತ್ತಿತ್ತು. ಏಣು ಬಿಡಿಸುವ ಬದಲು ಮೊಗ್ಗನ್ನೇ ಹರಿದುಬಿಡುತ್ತಿದ್ದ. ಸಂಶೋಧನೆಯ ಗೈಡು ಎರಡು ವಾರ ರಜೆ ತಗೋ ಎಂದರು. ಅವನು ರಜೆ ಹಾಕಿ ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ ಕಾಶಿನಾಥನ ಪಕ್ಕದಲ್ಲಿ ಕುಳಿತ.

ಏಕೆಂದರೆ ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ತಪ್ಪಿಸುವಂತಿರಲಿಲ್ಲ. ಕೂಸು ತೂಕ ಏರುತ್ತಿರಲಿಲ್ಲ, ಉಸಿರು ಓಡುತ್ತಲೇ ಇತ್ತು. ತೂತನ್ನು ಮುಚ್ಚಿದರು. ಸರ್ಜನ್ ಹೊರಗೆ ಬಂದು, ಕೆಲಸ ಚೆನ್ನಾಗಿ ಆಗಿದೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಆ ಹೃದಯಕ್ಕೆ ತನ್ನ ತಾಳ ಹಿಡಿಯಲಾಗಲಿಲ್ಲ. ಹೊರಗಿನಿಂದ ವಿದ್ಯುತ್ತಿನ ತಂತಿ ಹಚ್ಚಿ ಬಡಿಸಿದಷ್ಟು ದಿನ ಬಡಿಯಿತು. ಮೂರನೆಯ ದಿನ ಮಧ್ಯಾಹ್ನ, ಭಕ್ತಿ ಗಾಜಿನ ಆಚೆಯಿಂದ ನೋಡುತ್ತಿರುವಾಗಲೇ, ನೀಲಾ ತೀರಿಕೊಂಡಿತು.

ಹೂಳಲು ಗಂಡಸರು ಮಾತ್ರ ಹೋದರು. ಕಾಶಿನಾಥ ಬಿಳಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಇಳಿಯುವಾಗ, "ಒಂದಿಷ್ಟು ಹಿಡಿ," ಎಂದು ನಚಿಕೇತನ ಕೈಗೆ ಕೊಟ್ಟ. ಆ ಭಾರವಿಲ್ಲದ ಗಂಟನ್ನು ಹಿಡಿದುಕೊಂಡು ನಿಂತಾಗ ನಚಿಕೇತನಿಗೆ, ತಾನು ಯಾರಿಗೂ ಹೆದರದೆ ಈ ಕೂಸನ್ನು ಎತ್ತಿಕೊಂಡದ್ದು ಇದೇ ಮೊದಲು ಎನಿಸಿತು.

ಕೆಲವು ತಿಂಗಳ ಮೇಲೆ ಆಸ್ಪತ್ರೆಯವರು ತಂದೆತಾಯಿಯರನ್ನು ತಪಾಸಣೆಗೆ ಕರೆದರು. ಇನ್ನೊಂದು ಮಗುವಿನ ವಿಚಾರ ಮಾಡುವ ಮೊದಲು ಇದಾಗಬೇಕೆಂದರು. ಕಾಶಿನಾಥನಲ್ಲಿ ಏನೂ ಸಿಗಲಿಲ್ಲ. ಭಕ್ತಿಯ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಎರಡು ಸಣ್ಣ ಮೂಳೆಗಳು ಒಂದಕ್ಕೊಂದು ಅಂಟಿದ್ದವು. ನಚಿಕೇತನೂ ತನ್ನ ಕೈ ತೋರಿಸಿದ, ಅದು ಸರಿಯಾಗಿತ್ತು. ಫಲಿತಾಂಶ ಕೇಳುವ ದಿನ ಕಾಶಿನಾಥನಿಗೆ ಆಫೀಸು ತಪ್ಪಿಸಲಾಗಲಿಲ್ಲ, ಅಕ್ಕ ತಮ್ಮ ಇಬ್ಬರೇ ಹೋದರು. ಡಾಕ್ಟರಮ್ಮ ಮೆತ್ತಗೆ ಹೇಳಿದರು: ಈ ದೋಷ ವಂಶದಲ್ಲಿ ಇಳಿಯುತ್ತದೆ. ಒಬ್ಬರಲ್ಲಿ ಕಂಡೂ ಕಾಣದ ಹಾಗೆ ಇರುತ್ತದೆ, ಇನ್ನೊಬ್ಬರಲ್ಲಿ ಜೀವ ತೆಗೆಯುತ್ತದೆ. ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಕೊನೆಗೆ ಕೇಳಿದರು, "ನಿಮ್ಮ ಅಪ್ಪ ಅಮ್ಮನಲ್ಲಿ ಯಾರಿಗಾದರೂ ಹೆಬ್ಬೆರಳು ಬೇರೆ ಥರ ಇದೆಯಾ? ಉದ್ದಕ್ಕೆ, ಮೂರು ಗಿಣ್ಣಿನದು?"

ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಚಿಕ್ಕಂದಿನಲ್ಲಿ ಇಬ್ಬರೂ ತಾಯಿಯ ಉದ್ದ ಹೆಬ್ಬೆರಳನ್ನು ಹಿಡಿದು, ಇದು ಹೆಬ್ಬೆರಳಲ್ಲ, ಇನ್ನೊಂದು ತೋರುಬೆರಳು ಎಂದು ನಗುತ್ತಿದ್ದರು. ಆ ಬೆರಳಿನಿಂದಲೇ ಗೋದಾಬಾಯಿ ಇಡೀ ಓಣಿಯಲ್ಲಿ ಯಾರಿಗೂ ಬಾರದಷ್ಟು ಚೆಂದ ಹೂಬತ್ತಿ ಹೊಸೆಯುತ್ತಿದ್ದರು.

ಹೊರಗೆ ಬಂದು ಇಬ್ಬರೂ ಅಬಿಡ್ಸಿನ ಪೋಸ್ಟಾಫೀಸಿನ ಎದುರಿನ ಬಸ್‌ಸ್ಟಾಪಿನಲ್ಲಿ ಕುಳಿತರು. ತಾರ್ನಾಕದ ಬಸ್ಸು ಒಂದು ಬಂದು ಹೋಯಿತು. ಏಳಲಿಲ್ಲ.

"ಅಮ್ಮಗ ಹೇಳಬ್ಯಾಡ ನಚೀ," ಎಂದಳು ಭಕ್ತಿ.

"ಹಂಗಾದರ ನನಗ ಅಂದದ್ದು? ಎಲ್ಲಾರ ಮುಂದೂ ಹೇಳ್ಯಾಳಕ್ಕ. ಮಠದಾಗ ಹೇಳ್ಯಾಳ. ಮಗ ಕೊಯ್ದದ್ದು ಮಗಳ ಹೊಟ್ಟಿಗೆ ತಟ್ಟಿತು ಅಂತ."

"ಗೊತ್ತದ."

"ನಾ ಏನೂ ಮಾಡಿಲ್ಲ."

"ಗೊತ್ತದಲ್ಲೋ. ನೀನೂ ಮಾಡಿಲ್ಲ, ಅಕಿನೂ ಮಾಡಿಲ್ಲ. ಆದರ ಅದು ಅಕಿ ತಲ್ಯಾಗ ಹೊಕ್ಕೊಳ್ಳೂದಿಲ್ಲ. ಯಾರರೆ ಒಬ್ಬರು ಮಾಡಿರಬೇಕು ಅಕಿಗೆ." ಭಕ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನಗ ಬೈಕೋತ ಬದಕ್ತಾಳ. ತನ್ನಿಂದ ಆತು ಅಂತ ಗೊತ್ತಾದರ ಬದಕೂದಿಲ್ಲ."

ಕೂಸನ್ನು ಕಳೆದುಕೊಂಡವಳು ಅವಳು. ಅವಳ ಮಾತನ್ನು ಮೀರಲು ಅವನಿಗಾಗಲಿಲ್ಲ. ಮುಂದಿನ ಬಸ್ಸಿಗೆ ಹತ್ತಿದರು.

ನಚಿಕೇತ ಹೇಗೋ ಥೀಸಿಸ್ ಮುಗಿಸಿದ. ಬೇಕಾದ ಪ್ರಯೋಗಗಳು ಹೆಚ್ಚುಕಡಿಮೆ ಮೊದಲೇ ಆಗಿದ್ದವು. ಡಾಕ್ಟರೇಟು ಬಂದ ಮೇಲೆ ಗೈಡು ಅವನನ್ನು ಇಟ್ಟುಕೊಳ್ಳಲು ನೋಡಿದರು, ಅವನು ನಿಲ್ಲಲಿಲ್ಲ. ಮಾದಾಪುರದಲ್ಲಿ ಹೊಸದಾಗಿ ತೆರೆದಿದ್ದ ಒಂದು ಕಂಪನಿ ಸೇರಿದ. ಪರದೇಶದ ಔಷಧ ಕಂಪನಿಗಳಿಗಾಗಿ, ಜಗತ್ತಿನ ಬೇರೆ ಬೇರೆ ಪ್ರಯೋಗಾಲಯಗಳವರು ಬರೆದ ಲೇಖನಗಳನ್ನು ಓದಿ, ಯಾವ ಪ್ರೋಟೀನು ಯಾವ ಜೀನನ್ನು ಎಬ್ಬಿಸುತ್ತದೆ, ಯಾವುದನ್ನು ಮಲಗಿಸುತ್ತದೆ ಎಂದು ಕಂಪ್ಯೂಟರಿನಲ್ಲಿ ತುಂಬುವ ಕೆಲಸ. ಹವಾನಿಯಂತ್ರಿತ ಹಾಲಿನಲ್ಲಿ ಅವನಂಥ ನೂರಾರು ಜನ. ಮನೆಯ ಮುಂದೆ ಕ್ಯಾಬು ಬಂದು ನಿಲ್ಲತೊಡಗಿತು. ಕಡೆಗೂ ದಾರಿಗೆ ಬಂದ ಎಂದು ನೆಂಟರು ಸಂತೋಷಪಟ್ಟರು.

ಎಲ್ಲರಿಗಿಂತ ಹೆಚ್ಚು ಹಗುರಾದವರು ಗೋದಾಬಾಯಿ. ಮಗ ಪಾಪದ ಕೆಲಸ ಬಿಟ್ಟನೆಂದು ರಾಯರಿಗೆ ಪಂಚಾಮೃತ ಮಾಡಿಸಿದರು. ಆದರೆ ಮಾಡಿದ್ದು ತೀರಬೇಕಲ್ಲ. ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಹಕ್ಕಿಗಳಿಗೆ ಅಕ್ಕಿ ಚೆಲ್ಲತೊಡಗಿದರು. ಏಕಾದಶಿಯ ಜೊತೆಗೆ ವಾರಕ್ಕೊಂದು ದಿನದ ಉಪವಾಸವನ್ನೂ ಹಿಡಿದರು. ಕ್ಯಾಬಿಗೆ ಕಾಯುತ್ತ ನಿಂತ ನಚಿಕೇತನಿಗೆ ಮೇಲಿನಿಂದ ಪಾರಿವಾಳಗಳ ಸದ್ದು ಕೇಳುತ್ತಿತ್ತು. ತನ್ನ ಹೆಸರಿನಲ್ಲಿ ನಡೆಯುವ ಆ ಪ್ರಾಯಶ್ಚಿತ್ತಕ್ಕೆ ಅವನಿಗೆ ಕಿವಿ ಮುಚ್ಚಿಕೊಳ್ಳಲೂ ಆಗುತ್ತಿರಲಿಲ್ಲ.

ಭಕ್ತಿ ಮತ್ತೆ ಬಸಿರಾಗಲಿಲ್ಲ. ಅವಳೂ ಕಾಶಿನಾಥನೂ ಮಾತಾಡಿ ನಿರ್ಧರಿಸಿದ್ದು ಅದು. ಗೋದಾಬಾಯಿ ಅದನ್ನೂ ಮಗನ ತಲೆಗೇ ಕಟ್ಟಿದರು. ಅವನಿಗೆ ಬಂದ ಹೆಣ್ಣುಗಳನ್ನು ತಾವೇ ಹಿಂದಕ್ಕೆ ಕಳಿಸಿದರು.

ಒಂದು ಶ್ರಾವಣದಲ್ಲಿ ಅವನಿಗೆ ತಡೆಯಲಾಗಲಿಲ್ಲ. ಕಲಬುರ್ಗಿಯ ಕಡೆಯ ಒಂದು ಸಂಬಂಧ ಬಂದಿತ್ತು, ಹುಡುಗಿಯನ್ನು ಅವನು ಕಂಡಿದ್ದ, ಮನಸ್ಸಿಗೆ ಹಿಡಿಸಿದ್ದಳು.

"ಬ್ಯಾಡ," ಎಂದರು ಗೋದಾಬಾಯಿ, ಅರಿಷಿಣ ತೇಯುತ್ತ. "ನಿನ್ನ ಪಾಪ ಇನ್ನೂ ತೀರಿಲ್ಲ. ಮತ್ತೊಂದು ಕೂಸು ಹಂಗ ಹುಟ್ಟೂದು ನನ್ನ ಕಣ್ಣಿಲೆ ನೋಡಲಾರೆ."

ಅವನು ಎದ್ದು ಬಂದು ತಾಯಿಯ ಬಲಗೈಯನ್ನು ಹಿಡಿದುಕೊಂಡ. ಬಿಗಿಯಾಗಿಯೇ ಹಿಡಿದ. "ಅಮ್ಮ, ನಿನ್ನ ಈ ಹೆಬ್ಬಟ್ಟು..."

"ಏನಾತು ಹೆಬ್ಬಟ್ಟಿಗೆ?"

ಅವರು ಕತ್ತೆತ್ತಿ ನೋಡಿದರು. ಉಪವಾಸದಿಂದ ಕೆನ್ನೆ ಒಳಕ್ಕೆ ಹೋಗಿತ್ತು. ಆ ಉಪವಾಸ ಯಾರಿಗಾಗಿ ಎಂದು ಅವನಿಗೆ ಗೊತ್ತಿತ್ತು.

"ಅರಿಷಿಣ ಭಾಳ ಹತ್ತ್ಯದ. ತೊಳಕೋ," ಎಂದು ಕೈಬಿಟ್ಟ.

ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ನಚಿಕೇತ ಮತ್ತೆ ಆ ವಿಷಯ ಎತ್ತಲಿಲ್ಲ.

ಇನ್ನೂ ಕೆಲವು ವರ್ಷ ಕಳೆದ ಮೇಲೆ ಗೋದಾಬಾಯಿ ಮಠದ ಅಂಗಳದಲ್ಲಿ ತಲೆತಿರುಗಿ ಬಿದ್ದರು. ನಾಡಿ ತೀರಾ ನಿಧಾನವಾಗಿ ಬಡಿಯುತ್ತಿತ್ತು. ಹೃದಯದ ಮೇಲಿನ ಕೋಣೆಯ ಸೂಚನೆ ಕೆಳಗೆ ಮುಟ್ಟುತ್ತಿಲ್ಲ, ಪೇಸ್‌ಮೇಕರ್ ಕೂಡಿಸಬೇಕು ಎಂದರು. ಹಾಸಿಗೆಯ ಬದಿಯಲ್ಲಿ ನಿಂತ ಎಳೆಯ ಡಾಕ್ಟರು ಕಾಗದ ನೋಡುತ್ತ, "ಇದು ಹುಟ್ಟಿನಿಂದಲೇ ಇದ್ದಿರಬಹುದು. ಮನೆಯಲ್ಲಿ ಬೇರೆ ಯಾರಿಗಾದರೂ ಹೃದಯದ ತೊಂದರೆ ಇತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ರೋಗಿಯ ಕಡೆ ಹೋದರು.

ಗೋದಾಬಾಯಿ ಛಾವಣಿ ನೋಡುತ್ತ ಮಲಗಿದ್ದರು.

"ನಚೀ."

"ಇಲ್ಲೇ ಇದ್ದೀನಮ್ಮ."

"ನೀಲಾಗ ಇದ್ದದ್ದೂ ಇದೇನೋ?"

ನೀಲಾ ಎಂಬ ಹೆಸರನ್ನು ಅವರು ಅಷ್ಟು ವರ್ಷಗಳಲ್ಲಿ ಬಾಯಲ್ಲಿ ತಂದಿರಲಿಲ್ಲ. ನಚಿಕೇತ ಹಾಸಿಗೆಯ ಕಬ್ಬಿಣ ಹಿಡಿದು ನಿಂತ. ಒಂದೇ ಮಾತು ಸಾಕಿತ್ತು. ಎಷ್ಟೋ ಸಲ ಒಬ್ಬನೇ ಇದ್ದಾಗ ಆ ಮಾತನ್ನು ಆಡಿ ನೋಡಿದ್ದ.

"ಅಲ್ಲಮ್ಮ. ಅದು ಬ್ಯಾರೆ. ನಿಂದು ವಯಸ್ಸಿಂದು."

"ಖರೇ ಹೇಳು."

"ಖರೇನ ಹೇಳ್ತೀನಿ. ಅದು ನನ್ನಿಂದ ಆದದ್ದು ಅಂತ ನೀನ ಹೇಳಿದ್ದಿ ಅಲ್ಲಾ?"

ಗೋದಾಬಾಯಿ ಅವನನ್ನು ಬಹಳ ಹೊತ್ತು ನೋಡಿದರು. ನಂಬಿದರೋ, ನಂಬುವುದೇ ಲೇಸೆಂದುಕೊಂಡರೋ ಹೇಳುವುದು ಕಷ್ಟ. "ಹೌದು," ಎಂದರು. ಕಣ್ಣು ಮುಚ್ಚಿದರು. ಹೊರಗೆ ಬಂದ ನಚಿಕೇತ ನೀರಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತ ನಿಂತುಬಿಟ್ಟ. ಹಿಂದೆ ಸಾಲುಗಟ್ಟಿದವರು, "ಭಾಯ್, ಜರಾ ಹಟೋ," ಎಂದು ಭುಜ ತಟ್ಟುವವರೆಗೂ ನಿಂತಿದ್ದ.

ಪೇಸ್‌ಮೇಕರ್ ಹಾಕಿದ ಮೇಲೆ ಅವರು ಎರಡು ವರ್ಷ ಬದುಕಿದರು. ಕೊನೆಯ ತಿಂಗಳುಗಳಲ್ಲಿ ಭಕ್ತಿ ಶಾಲೆಗೆ ರಜೆ ಹಾಕಿ ಬಂದು ಅವರ ಸೇವೆ ಮಾಡಿದಳು. ಗೋದಾಬಾಯಿ ತೀರಿಕೊಂಡದ್ದು ಒಂದು ಬೆಳಿಗ್ಗೆ. ನಚಿಕೇತ ಮಾದಾಪುರದ ದಾರಿಯಲ್ಲಿದ್ದ. ಫೋನು ಬಂದು ಅರ್ಧದಿಂದ ಕ್ಯಾಬು ತಿರುಗಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ತುಳಸಿ ನೀರು ಬಿಟ್ಟಾಗಿತ್ತು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಅಕ್ಕ ತಮ್ಮ ಅಡುಗೆಮನೆಯಲ್ಲಿ ಕುಳಿತರು. ಭಕ್ತಿ ಚಹಾ ಸೋಸಿ ಕೊಟ್ಟಳು.

"ಅವತ್ತು ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಕೊಂಡು ಒಂದು ಮಾತು ಹೇಳಿದಳು. ನಿನಗ ಹೇಳಬೇಕೋ ಬ್ಯಾಡೋ ಅಂತ ಇಷ್ಟು ದಿನ ಸುಮ್ಮನಿದ್ದೆ."

"ಏನು?"

"'ನಚಿಗೆ ಹೇಳು, ಅವನ ಪಾಪ ತೀರಿತು. ನಾ ತೀರಿಸೀನಿ. ಇನ್ನ ಮದಿವಿ ಮಾಡ್ಕೊಳ್ಳಿಕ್ಕೆ ಹೇಳು,' ಅಂದಳು."

ನಚಿಕೇತನ ತಲೆಯಲ್ಲಿ ಆಗಲೇ ಬೆಳ್ಳಿಕೂದಲು ಬಂದಿದ್ದವು. ಅವನು ಚಹಾದ ಲೋಟವನ್ನು ನೆಲಕ್ಕಿಟ್ಟ. ತಾಯಿಯ ಹೆಣದ ಮುಂದೆಯೂ ಅಳದವನು ಅಕ್ಕನ ಮಡಿಲಿಗೆ ತಲೆಯಿಟ್ಟು ಚಿಕ್ಕ ಹುಡುಗನಂತೆ ಬಿಕ್ಕಿದ. ಭಕ್ತಿ ಅವನ ಬೆನ್ನು ಸವರುತ್ತ ಕುಳಿತಳು. ಒಲೆಯ ಮೇಲೆ ಉಳಿದ ಹಾಲು ಉಕ್ಕಿ ಹರಿದು ಸೀದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.